ಗುಡ್ಡದ ಒಡೆಯನ ಪಾಲು

ಆಗುವುದೇ ಇಲ್ಲ ಎಂದವರು ನನ್ನ ದೊಡ್ಡಪ್ಪ. ಹೊರಗಿನವರಲ್ಲ, ನನ್ನ ಅಪ್ಪನ ಸ್ವಂತ ಅಣ್ಣ. ಕನಕಪುರದಾಚೆಯ ನಮ್ಮೂರಿನ ಟೀ ಅಂಗಡಿ ಮುಂದೆ, ಅಲ್ಲಿದ್ದವರೆಲ್ಲ ಕೇಳುವ ಹಾಗೆ ಹೇಳಿದರು.

"ಹಂದಿ ಓಡ್ಸೋನ ಮಗಳು ಡಾಕ್ಟ್ರಾಯ್ತಾಳಂತೆ ಕಣ್ರಪ್ಪ. ಹಂದಿಗಳು ಸಾಲಾಗಿ ನಿಂತು ಸೂಜಿ ಹಾಕಿಸ್ಕೊತವಾ?"

ಜನ ನಕ್ಕರು. ಹಾಲಿನ ಪ್ಯಾಕೆಟ್ಟು ಹಿಡಿದುಕೊಂಡು ನಾನು ಅಲ್ಲೇ ನಿಂತಿದ್ದೆ. ಅಪ್ಪನೂ ಇದ್ದ. ಟೀ ಲೋಟದ ತಳ ನೋಡುತ್ತಾ ಕೂತಿದ್ದ.

ದೊಡ್ಡಪ್ಪ ಹೇಳಿದ್ದರಲ್ಲಿ ಅರ್ಧ ನಿಜ. ಅಪ್ಪನ ಕಸುಬು ಹಂದಿ ಓಡಿಸುವುದೇ ಆಗಿತ್ತು. ರಾಗಿ ತೆನೆ ಕಟ್ಟುವ ಕಾಲದಲ್ಲಿ ಊರವರ ಹೊಲ ಕಾಯಲು ಅಟ್ಟಣೆ ಹತ್ತಿ ಕೂರುತ್ತಿದ್ದ. ತಗಡಿನ ಡಬ್ಬ ಬಡಿಯುತ್ತಿದ್ದ, ಕೂಗುತ್ತಿದ್ದ. ಆಮೇಲೆ ಗುಡ್ಡದ ಕೆಳಗಿನ ಹೊಲಗಳನ್ನೆಲ್ಲ ಬೆಂಗಳೂರಿನವರು ಕೊಂಡರು. ಶನಿವಾರ ಭಾನುವಾರ ಬಂದು ಇರಲು. ಮೊದಲು ಮಾರಿದವರು ದೊಡ್ಡಪ್ಪ. ಬೇಲಿ ಬಂತು, ಗೇಟು ಬಂತು, ಗುಡ್ಡಕ್ಕೆ ಆಡು ಹೊಡೆದುಕೊಂಡು ಹೋಗುವ ದಾರಿ ಯಾರದೋ ಈಜುಕೊಳದ ಹಿಂದೆ ಮುಗಿದುಹೋಯಿತು. ಅಪ್ಪ ಅಲ್ಲೇ ಒಂದು ಪ್ಲಾಟಿಗೆ ವಾಚ್‌ಮನ್ ಆದ. ಅಂದಿನಿಂದ ಅವನ ಉಡುದಾರದಲ್ಲಿ ಕೀಗೊಂಚಲು. ನಡೆದರೆ ಸದ್ದು. ತಾನು ಹುಟ್ಟಿದಾಗಿನಿಂದ ಓಡಾಡಿದ ಗುಡ್ಡಕ್ಕೆ ಹೋಗಲು ಈಗ ಅವನೇ ಬೀಗ ತೆಗೆಯಬೇಕು, ಅವನೇ ಹಾಕಬೇಕು.

ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದ ಮೊದಲನೆಯವಳು ನಾನು. ಇದನ್ನು ನಾನು ಜೋರಾಗಿಯೇ ಹೇಳಿಕೊಳ್ಳುತ್ತೇನೆ. ಯಾವ ಕಾಲೇಜಿಗೆ ಅರ್ಜಿ ಹಾಕಬೇಕು, ಯಾರ ಮುಂದೆ ನಿಂತು ಏನು ಕೇಳಬೇಕು ಎಂದು ಹೇಳಿಕೊಡುವವರು ನನಗೆ ಯಾರೂ ಇರಲಿಲ್ಲ. ಹಾಸ್ಟೆಲ್ಲಿನ ಮುದ್ದೆ ಉಂಡು ಪ್ರಾಣಿಶಾಸ್ತ್ರ ಓದಿದೆ. ಎಂಎಸ್ಸಿ ಮುಗಿಸಿ, ಕಾಡಿನ ಒಂದು ಯೋಜನೆಯಲ್ಲಿ ದಿನಗೂಲಿಗೆ ದುಡಿದು, ಎರಡು ಸಲ ಅರ್ಜಿ ತಿರಸ್ಕಾರವಾಗಿ, ಮೂರನೆಯ ಸಲಕ್ಕೆ ವಿದ್ಯಾರ್ಥಿವೇತನ ಪಡೆದು ಜಪಾನಿಗೆ ಬಂದೆ. ಹಿರೋಷಿಮಾದಲ್ಲಿ ಸಿಗುವ ನಮ್ಮವರು ಹೆಚ್ಚಾಗಿ ಕಾರು, ಎಂಜಿನ್ನು, ಬ್ಯಾಟರಿ ಅಂತ ಓದುವವರು. ಏನು ಓದುತ್ತೀ ಎಂದು ಅವರು ಕೇಳಿದರೆ "ಕಾಡುಹಂದಿ" ಎನ್ನುತ್ತಿದ್ದೆ. ಅವರು "ಓ, ನೈಸ್" ಎನ್ನುತ್ತಿದ್ದರು.

ಕಾಡುಹಂದಿ ಎಲ್ಲಿ ಮಲಗುತ್ತದೆ, ಯಾವ ದಾರಿಯಲ್ಲಿ ಗದ್ದೆಗೆ ಇಳಿಯುತ್ತದೆ, ಏನು ತಿನ್ನುತ್ತದೆ. ಇದು ನನ್ನ ಸಂಶೋಧನೆ. ಕಾಡಿನಲ್ಲಿ ಕ್ಯಾಮೆರಾ ಕಟ್ಟಿದರೆ ಅರ್ಧ ಉತ್ತರ ಸಿಗುತ್ತದೆ. ಉಳಿದರ್ಧ ಬೇಕಾದರೆ ಹಂದಿಯ ಹೊಟ್ಟೆ ನೋಡಬೇಕು, ಹಲ್ಲು ನೋಡಿ ವಯಸ್ಸು ತಿಳಿಯಬೇಕು. ಹಂದಿ ಹೊಡೆಯುವವರ ಜೊತೆ ಇರದೆ ಅದು ಆಗುವುದಿಲ್ಲ.

ನಗರದಿಂದ ಉತ್ತರಕ್ಕೆ ಬಸ್ಸಿನಲ್ಲಿ ಎರಡು ಗಂಟೆ ಹೋದರೆ ಒಂದು ಕಣಿವೆ. ಮೆಟ್ಟಿಲು ಗದ್ದೆ, ಅದರ ಮೇಲೆ ಗುಡ್ಡ. ಅಲ್ಲಿ ಬೇಟೆಯ ಒಂದು ತಂಡ. ಎಲ್ಲರೂ ವಯಸ್ಸಾದವರು, ಮಾಡುವುದು ಗದ್ದೆ ಕೆಲಸ, ಚಳಿಗಾಲದಲ್ಲಿ ಬೇಟೆ. ಅವರ ಮುಖಂಡನನ್ನು ನಾನು ಒಜೀಸಾನ್ ಎನ್ನುತ್ತಿದ್ದೆ, ಅಜ್ಜ ಎಂದ ಹಾಗೆ. ಮುಂಗೋಪಿ. ತಮ್ಮ ನಾಯಿಯೊಂದನ್ನು ಬಿಟ್ಟು ಉಳಿದವರನ್ನೆಲ್ಲ ಬೈಯುವವರು. ಅವರಾಡುವುದು ಹಿರೋಷಿಮಾ ಗುಡ್ಡಗಾಡಿನ ಜಪಾನಿ, ಪುಸ್ತಕದ ಜಪಾನಿ ಕಲಿತವರಿಗೆ ತಲೆಬುಡ ತಿಳಿಯದ್ದು. ನನ್ನ ಕಿವಿಗೆ ಅದು ನಮ್ಮೂರ ಮಾತಿನ ಹಾಗೆಯೇ ಕೇಳುತ್ತಿತ್ತು. ಹಾಗೇ ಬರೆಯುತ್ತೇನೆ.

ಮೊದಲ ದಿನ ನನ್ನನ್ನು ಕಾಲಿಂದ ತಲೆವರೆಗೆ ನೋಡಿ ಕೇಳಿದರು: "ನಿಮ್ ದೇಶದೋರು ಮಾಂಸ ತಿನ್ನಲ್ವಂತಲ್ಲ?"

"ನಮ್ಮನೇಲಿ ತಿಂತಾರೆ."

"ಹಂದಿ?"

"ಸಿಕ್ಕಿದ್ರೆ."

"ಹಂಗಾದ್ರೆ ಬಾ. ತಿನ್ನದೋರಿಗೆ ಪಾಲು ಕೊಟ್ಟು ಆಮೇಲೆ ಅದು ಎಲ್ಲೋಯ್ತು ಅಂತ ನಾನ್ ಹುಡುಕ್ತಾ ಕೂರೋಕಾಗಲ್ಲ."

ಪಾಲು. ಆ ತಂಡದ ಬದುಕು ನಿಂತಿದ್ದೇ ಅದರ ಮೇಲೆ. ಹಂದಿ ಸಿಕ್ಕರೆ ಹೊಡೆದವನಿಗೂ, ಸುಮ್ಮನೆ ದಾರಿ ಕಾದವನಿಗೂ ಒಂದೇ ತೂಕ. ಒಂದು ಪಾಲು ನಾಯಿಗಳಿಗೆ. ಇನ್ನೊಂದು ಪಾಲು ಹಂದಿ ಯಾರ ನೆಲದಲ್ಲಿ ಬಿತ್ತೋ ಆ ಗುಡ್ಡದ ಒಡೆಯನಿಗೆ. ಈ ಕೊನೆಯ ಪಾಲಿಗೆ ಒಂದು ಕ್ರಮವಿತ್ತು. ಒಳ್ಳೆಯ ತುಂಡು ಆರಿಸಿ, ಹಳೆ ಪೇಪರಿನಲ್ಲಿ ಸುತ್ತಿ, ಭತ್ತದ ಹುಲ್ಲಿನ ಹಗ್ಗದಿಂದ ಕಟ್ಟಿ, ಗಂಟಿಗೆ ಒಂದು ಹಸಿರು ಟೊಂಗೆ ಸಿಕ್ಕಿಸಿ, ಮೇಲೊಂದು ಚಿಟಿಕೆ ಉಪ್ಪು ಇಡುವುದು. ಅದನ್ನು ಒಡೆಯನ ಬಾಗಿಲ ಕಂಬಕ್ಕೆ ನೇತುಹಾಕಿ ಬರುವುದು. ಬಾಗಿಲು ತಟ್ಟಬಾರದು, ಕರೆಯಬಾರದು. ತಟ್ಟಿದರೆ ಪಾಪ ಅವರು ತಿರುಗಿ ಏನಾದರೂ ಕೊಡಬೇಕಾಗುತ್ತದಲ್ಲ, ಅದಕ್ಕೆ. "ನಿನ್ನ ನೆಲದಲ್ಲಿ ಓಡಾಡಿದೆವು, ನಿನಗೆ ಸೇರಬೇಕಾದ್ದು ಇಲ್ಲಿದೆ" ಎಂದು ಹೇಳುವ ರೀತಿ ಅದು. ನೇತುಹಾಕುವ ಕೆಲಸ ತಂಡದಲ್ಲಿ ಎಲ್ಲರಿಗಿಂತ ಚಿಕ್ಕವರದು. ನಾನು ಬಂದ ಮೇಲೆ ಅದು ನನ್ನ ಪಾಲಿಗೆ ಬಂತು.

ಕಣಿವೆಯ ನಡುವಿನ ಗುಡ್ಡ ಒಬ್ಬ ವಿಧವೆಯದು. ಅವರು ಪಟ್ಟಣದಲ್ಲಿದ್ದರು. ಹಂದಿಗಳು ಮಲಗುವ ಜಾಗ ಅದೇ, ಅವು ಗದ್ದೆಗೆ ಇಳಿಯುವ ದಾರಿಗಳು ಕೂಡುವುದೂ ಅಲ್ಲೇ. ನನ್ನ ಕ್ಯಾಮೆರಾಗಳಲ್ಲಿ ಹೆಚ್ಚಿನವು ಅಲ್ಲಿದ್ದವು. ಎರಡು ಚಳಿಗಾಲದ ಲೆಕ್ಕ ಕೈಯಲ್ಲಿತ್ತು, ಮೂರನೆಯದು ಬೇಕಿತ್ತು. ಮೂರನೆಯದಿಲ್ಲದೆ ಪ್ರಬಂಧ ನಿಲ್ಲುವುದಿಲ್ಲ, ಪ್ರಬಂಧ ನಿಲ್ಲದಿದ್ದರೆ ವಿದ್ಯಾರ್ಥಿವೇತನ ಮುಂದುವರಿಯುವುದಿಲ್ಲ, ಊರಿಗೆ ಹೋಗಿ ಟೀ ಅಂಗಡಿ ಮುಂದೆ ನಿಲ್ಲಬೇಕು. ದೊಡ್ಡಪ್ಪ ಅಲ್ಲೇ ಇರುತ್ತಾರೆ.

ಆ ಗುಡ್ಡವನ್ನು ಮೊದಲು ಬಿಟ್ಟಿ ಕೊಟ್ಟರೂ ಬೇಡ ಎನ್ನುವವರಿದ್ದರು. ಮರಕ್ಕೆ ಬೆಲೆಯಿಲ್ಲ, ಒಡೆಯನಾದರೆ ತೆರಿಗೆ ಮಾತ್ರ. ಹಳೆಯ ಪುಟ್ಟ ಟ್ರಕ್ಕೊಂದಕ್ಕೆ ಕೊಡುವಷ್ಟು ಕೊಟ್ಟು ನೀವೇ ಇಟ್ಟುಕೊಳ್ಳಿ ಎಂದು ಆಕೆ ತಂಡಕ್ಕೆ ಹೇಳಿದ್ದರಂತೆ. ತಂಡದವರು ನೋಡೋಣ ನೋಡೋಣ ಎಂದು ಕಾಲ ಕಳೆದರು. ಅಷ್ಟರಲ್ಲಿ ಟೋಕಿಯೋದವರಿಗೆ ಹುಚ್ಚು ಹಿಡಿಯಿತು. ಒಬ್ಬರೇ ಟೆಂಟು ಹಾಕಿ ಬೆಂಕಿ ಕಾಯಿಸಿಕೊಳ್ಳುತ್ತಾ ಕೂರುವ ವಿಡಿಯೋಗಳು, ಅದರ ಕೆಳಗೆ "ನಿಮ್ಮದೇ ಒಂದು ಗುಡ್ಡ ಕೊಳ್ಳಿ" ಎಂಬ ಜಾಹೀರಾತು. ಕೊಂಬಿನಿ ಅಂಗಡಿಯಲ್ಲಿ ಬೆಂಟೋ ಊಟದ ಡಬ್ಬಿ ಆರಿಸುವ ಹಾಗೆ ಫೋನಿನಲ್ಲಿ ಗುಡ್ಡ ಆರಿಸುವ ಕಾಲ. ದಲ್ಲಾಳಿ ಹೇಳಿದ ಬೆಲೆಗೆ ತಂಡದವರು ಎಲ್ಲರೂ ಸೇರಿ ಟ್ರಕ್ಕು, ಬಂದೂಕು, ನಾಯಿ ಮಾರಿದರೂ ಸಾಲುತ್ತಿರಲಿಲ್ಲ. ಆಕೆ ಮಾರಿದರು. ನಾನು ಸಿಟ್ಟಿನಲ್ಲಿ ಆಕೆಯನ್ನು ಬೈದೆ.

"ಅವಳನ್ನ ಬೈಬ್ಯಾಡ," ಎಂದು ಒಜೀಸಾನ್ ಗದರಿದರು. "ಗಂಡ ಸತ್ತು ಇಷ್ಟು ವರ್ಷ ನಾವು ಮಾಂಸ ಕೊಟ್ವಿ. ಟೋಕಿಯೋದೋರು ದುಡ್ಡು ಕೊಟ್ರು. ಮಾಂಸ ಬ್ಯಾಂಕಲ್ಲಿ ಇಡೋಕಾಗುತ್ತಾ?"

ಕೊಂಡವರು ಯಾರೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಟೋಕಿಯೋದವರು, ಅಷ್ಟೇ. ಗುಡ್ಡದ ಬುಡದಲ್ಲಿ ಎರಡು ಕಂಬ ನೆಟ್ಟು ಅಡ್ಡ ಹಗ್ಗ ಕಟ್ಟಿದ್ದರು. ಬೇಲಿಯಿಲ್ಲ. ಬೇಲಿಯಿಲ್ಲದ ಕಾಡಿಗೆ ಬೇಟೆಯವರು ಹೋಗಬಹುದು, ಬೇಲಿ ಬಿದ್ದರೆ ಒಡೆಯನ ಒಪ್ಪಿಗೆ ಬೇಕು, ಇದು ಇಲ್ಲಿಯ ಕಾನೂನು. ನವೆಂಬರಿನಲ್ಲಿ ಬೇಟೆಯ ಕಾಲ ಶುರುವಾಯಿತು. ಮೊದಲ ಹಂದಿ ಆ ಗುಡ್ಡದ ಅಂಚಿನಲ್ಲೇ ಉರುಲಿಗೆ ಬಿತ್ತು. ಒಳ್ಳೆ ಕೊಬ್ಬಿದ ಹೆಣ್ಣು. ಒಜೀಸಾನ್ ತೊಡೆಯಿಂದ ತುಂಡು ಕೊಯ್ದರು. ಮಾಮೂಲಿಗಿಂತ ದೊಡ್ಡದು.

"ಹೊಸಬ್ರು. ಮೊದಲ್ನೇ ಪಾಲು. ಕಂಜೂಸಿ ಅಂದ್ಕೋಬಾರದು."

ಹಗ್ಗ ತಾವೇ ಹೊಸೆದರು. ಟೊಂಗೆ, ಉಪ್ಪು. ನಾನು ಹೋಗಿ ಕಂಬಕ್ಕೆ ನೇತುಹಾಕಿ ಬಂದೆ. ಅವತ್ತು ಶನಿವಾರ, ಒಡೆಯರು ಬರುತ್ತಾರೆಂದು ದಲ್ಲಾಳಿ ಹೇಳಿದ್ದ ದಿನ. ಮಾಂಸ ಕೆಡುವುದಿಲ್ಲ ಎಂದು ಲೆಕ್ಕ ಹಾಕಿಯೇ ಹಾಕಿದ್ದು.

ಸೋಮವಾರ ನನ್ನ ಪ್ರೊಫೆಸರು ಕರೆದರು. ಗುಡ್ಡದ ಒಡೆಯರು ಪೊಲೀಸಿಗೆ ದೂರು ಕೊಟ್ಟಿದ್ದರು. ರಕ್ತ ಸೋರುವ ಮಾಂಸವನ್ನು ಕಂಬಕ್ಕೆ ಕಟ್ಟಿ ತಮ್ಮನ್ನು ಹೆದರಿಸಿದ್ದಾರೆ, ಕಟ್ಟಿದ್ದು ಒಬ್ಬ ವಿದೇಶಿ ಹೆಂಗಸು, ಅವರ ಕ್ಯಾಮೆರಾದಲ್ಲಿ ನನ್ನ ಮುಖ. ಊರಾಡಳಿತದ ಕಚೇರಿಯವರು ಆ ಗುಡ್ಡದ ಸುತ್ತ ಉರುಲು ಹಾಕುವ ಪರವಾನಗಿಯನ್ನೇ ತಡೆಹಿಡಿದರು. ವಾರ ಕಳೆಯುವುದರೊಳಗೆ ಹಸಿರು ಬಲೆಯ ಬೇಲಿ ಎದ್ದಿತು, ಗೇಟು ಬಂತು, ಬೀಗ ಬಂತು. ನನ್ನ ಕ್ಯಾಮೆರಾಗಳು ಒಳಗೇ ಉಳಿದವು.

"ಅವರ ಹತ್ರ ಹೋಗಿ ಕ್ಷಮೆ ಕೇಳಿ," ಎಂದರು ಪ್ರೊಫೆಸರು. "ಅವರು ದೂರು ವಾಪಸ್ ತಗೊಳ್ದಿದ್ರೆ ಈ ಜಾಗದಲ್ಲಿ ನಿಮ್ಮ ಕೆಲಸ ಮುಂದುವರಿಸೋಕೆ ನಾನು ಬಿಡೋಕಾಗಲ್ಲ."

ಇಲ್ಲಿ ಕ್ಷಮೆ ಕೇಳಲು ಬರಿಗೈಯಲ್ಲಿ ಹೋಗುವಂತಿಲ್ಲ, ಒಳ್ಳೆಯ ಅಂಗಡಿಯ ಸಿಹಿಯ ಡಬ್ಬ ಬೇಕು. ಒಜೀಸಾನ್ ತಾವೇ ಪಟ್ಟಣಕ್ಕೆ ಹೋಗಿ ತಂದರು. ಮುಂದಿನ ಶನಿವಾರ ಮಧ್ಯಾಹ್ನ ಇಬ್ಬರೂ ಹೊರಟೆವು. ಅವರು ಬೇಟೆಯ ಕಿತ್ತಳೆ ಟೋಪಿ ತೆಗೆದು ಜೇಬಿಗೆ ತುರುಕಿ, ತಲೆ ಬಾಚಿಕೊಂಡಿದ್ದರು. ಗೇಟಿನ ಹತ್ತಿರ ಬಂದಾಗ ಮೇಲಿಂದ ಒಂದು ದನಿ ಕೇಳಿಸಿತು.

"ಏ ಪುಟ್ಟೀ, ಇಳೀಬೇಡ ಕಣೇ ಅಲ್ಲಿ, ಜಾರತ್ತೆ!"

ಕನ್ನಡ. ಮೈಸೂರು ಕಡೆಯ, ಮೆತ್ತಗಿನ ಕನ್ನಡ. ಇಡೀ ಜಪಾನಿನಲ್ಲಿ ಗುಡ್ಡ ಕೊಳ್ಳಲು ಎಷ್ಟು ಜನರಿಲ್ಲ, ಇಲ್ಲಿಗೆ ಬಂದು ಬೇಲಿ ಹಾಕಿದವರು ನಮ್ಮವರು.

ಟೋಕಿಯೋ ಪಕ್ಕದ ಗ್ಯೋಟೋಕುವಿನಲ್ಲಿ ಮನೆ, ನಗರದೊಳಗೆ ಮಿನಾಟೋದಲ್ಲಿ ಆಫೀಸು, ಸಾಫ್ಟ್‌ವೇರು. ಮೂವತ್ತೈದರ ಆಸುಪಾಸಿನ ಗಂಡಸು, ಹೊಸ ಬೂಟು, ಹೊಸ ಕೊಡಲಿ. ನಾನು ಕನ್ನಡದಲ್ಲಿ ಮಾತಾಡಿಸಿದ್ದಕ್ಕೆ ಅವನ ಬಾಯಿ ತೆರೆದೇ ಇತ್ತು.

"ಅಯ್ಯೋ ಮೇಡಂ, ನೀವಾ! ಕ್ಯಾಮೆರಾದಲ್ಲಿ ನೋಡಿ ನೇಪಾಳದೋರೋ ಏನೋ ಅಂದ್ಕೊಂಡ್ವಿ. ಅಮ್ಮಾ, ಬಾ ಇಲ್ಲಿ, ಕನ್ನಡದೋರು!"

ಊರಿಂದ ಮಗನ ಮನೆಗೆ ಬಂದಿದ್ದ ಅವನ ತಾಯಿ ಸ್ವೆಟರಿನ ಮೇಲೆ ಶಾಲು ಹೊದ್ದು ಇಳಿದು ಬಂದರು. ಹಿಂದೆ ಆರೇಳು ವರ್ಷದ ಮಗಳು.

"ನೀನೇನಮ್ಮ ಅದನ್ನ ಕಟ್ಟಿದ್ದು?" ಎಂದರು ತಾಯಿ. "ನಮ್ಮ ಎದೆ ಒಡೆದು ಹೋಗೋದೊಂದು ಬಾಕಿ! ಹುಲ್ಲಿನ ಹಗ್ಗ, ಉಪ್ಪು, ಸೊಪ್ಪು, ಮೇಲೆ ಮಾಂಸ. ಅವತ್ತು ಅಮಾವಾಸ್ಯೆ ಬೇರೆ! ಯಾರೋ ಮಾಟ ಮಾಡಿಸಿದಾರೆ ಅಂತ ನಾನು ನೀರೂ ಮುಟ್ಟಲಿಲ್ಲ. ನಾವು ಈರುಳ್ಳಿ ಕೂಡ ನೋಡಿ ತಿನ್ನೋ ಜನ."

"ನಾನ್ ಮಾಟ ಅಂದ್ಕೊಳ್ಲಿಲ್ಲ," ಎಂದ ಮಗ. "ಫಾರಿನರ್ಸ್ ಲ್ಯಾಂಡ್ ತಗೊಂಡಿದಾರೆ ಅಂತ ಯಾರೋ ಲೋಕಲ್ಸ್ ವಾರ್ನಿಂಗ್ ಕೊಟ್ಟಿದಾರೆ ಅಂತ. ಮಗು ಇದೆ ಅಲ್ವಾ? ಭಯ ಆಗತ್ತೆ. ನೀವೇ ಹೇಳಿ."

ಅವನ ಭಯ ಸುಳ್ಳಲ್ಲ. ಪರದೇಶದಲ್ಲಿ ಬದುಕುವವರಿಗೆ ಆ ಭಯ ಯಾವಾಗಲೂ ಅಂಗೈಯಲ್ಲೇ ಇರುತ್ತದೆ, ನನಗೂ ಇದೆ. ಆದ್ದರಿಂದ ಸಮಾಧಾನವಾಗಿ ಬಿಡಿಸಿ ಹೇಳಿದೆ. ಇದು ಮಾಟವಲ್ಲ, ಬೆದರಿಕೆಯಲ್ಲ, ಒಡೆಯನ ಪಾಲು. ನಿಮ್ಮನ್ನು ಈ ಗುಡ್ಡದ ಒಡೆಯರೆಂದು ಊರು ಒಪ್ಪಿಕೊಂಡ ಗುರುತು. ಅವರು ನನ್ನ ಮುಖ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ನಕ್ಕರು. ತಾಯಿ ಶಾಲನ್ನು ಬಾಯಿಗೆ ಒತ್ತಿಕೊಂಡು ನಕ್ಕರು.

ಒಜೀಸಾನಿಗೆ ಏನೂ ತಿಳಿಯದು. "ಯಾಕೆ ನಗ್ತಾವ್ರೆ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಆ ಮಗು ಅಚ್ಚ ಜಪಾನಿಯಲ್ಲಿ ಹೇಳಿಬಿಟ್ಟಿತು: "ಅಜ್ಜಿ ನೀವು ಶಾಪ ಹಾಕಿದೀರ ಅಂದ್ಕೊಂಡಿದ್ರು."

ಮುದುಕರ ಮುಖ ಕೆಂಪಾಯಿತು. ಅವರು ನಗಲಿಲ್ಲ. ಸೊಂಟ ಬಗ್ಗಿಸಿ, ತಲೆ ಮೊಣಕಾಲಿನ ಮಟ್ಟಕ್ಕೆ ಬರುವಷ್ಟು ತಗ್ಗಿಸಿ, "ಸುಮಿಮಾಸೆನ್", ಕ್ಷಮಿಸಿ, ಎಂದರು. ಹಾಗೇ ನಿಂತರು. ಅವರ ಅಪ್ಪ ಇದ್ದಿಲು ಸುಟ್ಟ ಗುಡ್ಡ ಅದು. ಅವರು ನಡೆಯಲು ಕಲಿತ ಇಳಿಜಾರು. ಫೋನಿನಲ್ಲಿ ಚಿತ್ರ ನೋಡಿ ಅದನ್ನು ಕೊಂಡವನ ಮುಂದೆ ಅವರು ಬಗ್ಗಿ ನಿಂತಿದ್ದರು. ಅವನು "ಓಕೆ ಓಕೆ, ನೋ ಪ್ರಾಬ್ಲಂ" ಎಂದು ಕೈ ಆಡಿಸುತ್ತಿದ್ದ.

ದೂರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದ. ಅಲ್ಲಿಗೆ ನಿಲ್ಲಿಸಿದ್ದರೆ ಧನ್ಯವಾದದ ಅರಿಗಾತೋ ಹೇಳಿ ಬಂದುಬಿಡುತ್ತಿದ್ದೆ. ಜೇಬಿನಿಂದ ಒಂದು ಕೀ ತೆಗೆದ.

"ಮೇಡಂ, ಇದು ಸ್ಪೇರ್. ನೀವು ಇಟ್ಕೊಳ್ಳಿ. ನಿಮ್ ಪಿಎಚ್‌ಡಿಗೆ ಎಷ್ಟ್ ಸಲ ಬೇಕಾದ್ರೂ ಬನ್ನಿ, ನೀವು ನಮ್ಮೋರು. ಆದ್ರೆ ಆ ಗನ್ನು, ಟ್ರಾಪು, ಆ ಜನ ಬೇಡ. ಸೇಫ್ಟಿ ಇಶ್ಯೂ."

"ಈ ಗುಡ್ಡ ಅವರದ್ದು ಕಣ್ರೀ."

"ಪೇಪರ್ ಪ್ರಕಾರ ನಂದಲ್ವಾ? ಪ್ರೈವೇಟ್ ಪ್ರಾಪರ್ಟಿ."

"ಹಂದಿ ಪೇಪರ್ ಓದಲ್ಲ. ಬೇಟೆ ನಿಂತ್ರೆ ಅವು ಇಲ್ಲೇ ಮನೆ ಮಾಡ್ತವೆ. ಕೆಳಗೆ ಗದ್ದೆ ಇರೋರ ಗತಿ ಏನು?"

"ಅದಕ್ಕೆಲ್ಲ ಒಬ್ಬರನ್ನ ಇಟ್ರಾಯ್ತು ಮೇಡಂ. ನಮ್ದು ಕನಕಪುರ ರೋಡಲ್ಲೂ ಒಂದು ಫಾರ್ಮ್ ಪ್ಲಾಟ್ ಇದೆ. ಅಲ್ಲಿ ವಾಚ್‌ಮನ್ ಇದಾನೆ, ಹಂದಿ ಗಿಂದಿ ಎಲ್ಲಾ ಅವನೇ ನೋಡ್ಕೊಳ್ತಾನೆ."

"ಹೆಸರೇನು ಅವರದ್ದು?"

"ಯಾರ್ದು?"

"ವಾಚ್‌ಮನ್‌ದು."

ಅವನು ತಲೆ ಕೆರೆದುಕೊಂಡ. "ಹೆಸರು... ನಮ್ ಬ್ರದರ್‌ಗೆ ಗೊತ್ತು."

ನಮ್ಮಪ್ಪ ಅವನ ಪ್ಲಾಟಿನ ವಾಚ್‌ಮನ್ನಲ್ಲ, ಅಂಥ ಇನ್ನೊಂದು ಪ್ಲಾಟಿನವನು. ಆದರೆ ಅಲ್ಲಿಯೂ ಇಂಥವನೇ ಒಬ್ಬ ಮಾಲೀಕ, ಅವನಿಗೂ ನಮ್ಮಪ್ಪನ ಹೆಸರು ಗೊತ್ತಿರಲಾರದು ಅನ್ನಿಸಿತು. "ನಿಮ್ಮ ಕೀ ನೀವೇ ಇಟ್ಕೊಳ್ಳಿ," ಎಂದೆ. "ಕನ್ನಡ ಮಾತಾಡ್ತೀನಿ ಅಂತ ನನಗೊಬ್ಬಳಿಗೆ ಗೇಟು ತೆಗಿಯೋದಾದ್ರೆ ನನಗೆ ಅದು ಬೇಡ. ತೆಗಿಯೋದಾದ್ರೆ ಈ ಅಜ್ಜನಿಗೆ ತೆಗೀರಿ. ನಾನು ಅವರ ಹಿಂದೆ ಬರ್ತೀನಿ." ಅವನು ಕೈಯಲ್ಲಿ ಕೀ ಹಿಡಿದೇ ನಿಂತಿದ್ದ. ನನ್ನ ಕ್ಯಾಮೆರಾಗಳನ್ನು ಬಿಚ್ಚಿಕೊಂಡು, ಸಿಹಿಯ ಡಬ್ಬವನ್ನು ತಾಯಿಯ ಕೈಗಿಟ್ಟು ಬಂದೆ.

ಟ್ರಕ್ಕಿನಲ್ಲಿ ಒಜೀಸಾನ್ ಕಿತ್ತಳೆ ಟೋಪಿಯನ್ನು ಜೇಬಿನಿಂದ ತೆಗೆದು ತಲೆಗೆ ಹಾಕಿಕೊಂಡರು. "ಅವನು ಏನೋ ಕೊಡೋಕೆ ಬಂದ್ನಲ್ಲ, ಏನದು?" ಎಂದರು.

"ಗೇಟಿನ ಕೀ. ನನಗೆ ಮಾತ್ರ ಅಂತೆ. ಬೇಡ ಅಂದೆ."

ಅವರು ಬ್ರೇಕು ಹಾಕಿದರು. ರಸ್ತೆ ಮಧ್ಯೆಯೇ.

"ತಲೆ ನೆಟ್ಟಗಿದೆಯಾ ನಿಂಗೆ? ನಿನ್ನ ಓದು ಆ ಗೇಟಿನೊಳಗಿದೆ. ನನ್ನ ಹೆಸ್ರು ಹೇಳ್ಕೊಂಡು ನಿನ್ನ ಓದು ಹಾಳು ಮಾಡ್ಕೊಂಡ್ರೆ ನಾನೇನು ಸಂತೋಷಪಡ್ತೀನಾ? ನನಗೆ ಯಾರೂ ಕರುಣೆ ತೋರಿಸೋದು ಬೇಕಾಗಿಲ್ಲ!"

"ಕರುಣೆ ಅಲ್ಲ ಒಜೀಸಾನ್. ಸಿಟ್ಟು."

"ಹಂಗಾದ್ರೆ ಸರಿ," ಎಂದು ಗೊಣಗಿ ಗೇರು ಹಾಕಿದರು. "ಆದ್ರೂ ನೀನು ದಡ್ಡೀನೇ."

ದೂರು ವಾಪಸ್ಸಾಯಿತು, ಬೇಲಿ ಉಳಿಯಿತು. ಒಡೆಯನ ಒಪ್ಪಿಗೆ ಕೇಳಿ ಊರಾಡಳಿತದ ಕಚೇರಿಯಿಂದ ಎರಡು ಸಲ ಫೋನು ಹೋಯಿತು, ಅವನು ಸೇಫ್ಟಿ ಎಂದ. ನಾನು ಕ್ಯಾಮೆರಾಗಳನ್ನು ಬೇಲಿಯ ಹೊರಗೆ ಸುತ್ತಲೂ ಕಟ್ಟಿದೆ. ಬೇರೆ ಏನು ಮಾಡುವುದು? ಮೂರನೆಯ ಚಳಿಗಾಲ ಕೈಬಿಟ್ಟು ಹೋಗುತ್ತಿತ್ತು. ಆಮೇಲೆ ಕ್ಯಾಮೆರಾಗಳಲ್ಲಿ ಒಂದು ವಿಷಯ ಕಾಣತೊಡಗಿತು. ಹಸಿರು ಬಲೆಯ ಬೇಲಿ ಮನುಷ್ಯರನ್ನು ತಡೆಯುತ್ತದೆ, ಹಂದಿಯನ್ನಲ್ಲ. ಮೂತಿಯಿಂದ ಎತ್ತಿ ಅಡಿಯಲ್ಲಿ ತೂರುತ್ತವೆ. ಕಣಿವೆಯ ಹಂದಿಗಳೆಲ್ಲ ಹಗಲು ಆ ಗುಡ್ಡದೊಳಗೆ ಸೇರಿಕೊಂಡು, ಕತ್ತಲಾದರೆ ಗದ್ದೆಗೆ ಇಳಿಯತೊಡಗಿದವು. ನಾಯಿ ಇಲ್ಲ, ಉರುಲಿಲ್ಲ, ಯಾವಾಗಲೋ ಒಮ್ಮೆ ಬಂದು ಮೆಕ್ಕೆಜೋಳ ಸುಟ್ಟು ಅರ್ಧ ಬಿಸಾಕಿ ಹೋಗುವ ಒಡೆಯ. ಅವಕ್ಕೆ ಇದಕ್ಕಿಂತ ಒಳ್ಳೆಯ ಛತ್ರ ಎಲ್ಲಿದೆ?

ನನ್ನ ಪ್ರಶ್ನೆಯನ್ನೇ ಬದಲಿಸಿದೆ. ಬೇಲಿ ಬಂದ ಮೇಲೆ ಹಂದಿ ಎಲ್ಲಿ ಹೋಯಿತು, ಯಾರ ಗದ್ದೆ ಹೋಯಿತು. ಪ್ರೊಫೆಸರು ಗೊಣಗಿದರು, ಆಮೇಲೆ ಒಪ್ಪಿದರು. ಹೊಟ್ಟೆ, ಹಲ್ಲುಗಳನ್ನು ಗದ್ದೆಯ ಬದುವಿನಲ್ಲಿ ಸಿಕ್ಕ ಹಂದಿಗಳಿಂದ ತೆಗೆದೆ. ಒಜೀಸಾನ್ ತಮ್ಮ ಗೆಣಸಿನ ತೋಟದಲ್ಲೇ ಉರುಲು ಹಾಕಿಕೊಂಡು ಕೂತರು. ಗುಡ್ಡ ಹತ್ತಿ ಬೇಟೆಯಾಡಿದ ಮನುಷ್ಯ ಗೆಣಸಿನ ಮಡಿ ಕಾಯುವುದನ್ನು ನೋಡಿ ನನಗೆ ಅಟ್ಟಣೆಯ ಮೇಲೆ ಕೂತ ಅಪ್ಪ ನೆನಪಾಗುತ್ತಿದ್ದ.

ಅಷ್ಟರಲ್ಲಿ ಎಡಗಡೆಯ ಗುಡ್ಡವೂ ಮಾರಾಟವಾಯಿತು, ಬಲಗಡೆಯದೂ. ಒಂದಕ್ಕೆ ಬಂದ ಬೆಲೆಯನ್ನು ಇನ್ನೊಂದಕ್ಕೆ ಕೇಳಿದರು, ಅದು ಬಂತು. ತಂಡದಲ್ಲಿ ಇಬ್ಬರು ಬಂದೂಕಿನ ಪರವಾನಗಿ ನವೀಕರಿಸಲಿಲ್ಲ. ಹೋಗಲು ಜಾಗವೇ ಇಲ್ಲದ ಮೇಲೆ ಬಂದೂಕು ಯಾಕೆ? ಮಾರನೆಯ ವರ್ಷ ಆ ಸಾಫ್ಟ್‌ವೇರಿನವನು ನನಗೆ ಫೋನು ಮಾಡಿದ.

"ಮೇಡಂ, ನೀವು ಹೇಳಿದ್ದು ಕರೆಕ್ಟ್. ಹಂದಿಗಳು ನಮ್ಮ ಟೆಂಟ್ ಜಾಗ ಎಲ್ಲಾ ಉತ್ತು ಹಾಕಿದಾವೆ. ಅಮ್ಮ ಅಂತೂ ಬರಲ್ಲ ಅಂತಾರೆ. ಸೋ, ಕೊಟ್ಬಿಟ್ವಿ. ಒಂದು ಲಕ್ಷುರಿ ಟೆಂಟ್ ಕಂಪನಿ ತಗೊಳ್ತು. ಒಳ್ಳೇ ರೇಟ್ ಬಂತು, ಡಬಲ್‌ಗಿಂತ ಜಾಸ್ತಿ!"

"ಒಜೀಸಾನ್ ತಂಡಕ್ಕೆ ಒಂದು ಮಾತು ಕೇಳಬಹುದಿತ್ತಲ್ಲ?"

"ಅವರ ಹತ್ರ ಅಷ್ಟು ದುಡ್ಡೆಲ್ಲಿದೆ ಮೇಡಂ?" ಅವನ ದನಿಯಲ್ಲಿ ಕೆಟ್ಟತನವಿರಲಿಲ್ಲ. ನನಗೆ ಈಗಲೂ ಸಹಿಸಲಾಗದ್ದು ಅದೇ. ಅವನು ಒಳ್ಳೆಯವನು. ಬಂದ, ಹೆದರಿದ, ಬೇಲಿ ಹಾಕಿದ, ಬೇಜಾರಾಯಿತು, ಮಾರಿ ಹೋದ. ನಾಲ್ಕು ಶನಿವಾರದ ಮನರಂಜನೆ. ಅವನ ಹಿಂದೆ ಕಣಿವೆಗೆ ಉಳಿದದ್ದು ಇನ್ನೆಂದೂ ಇಳಿಯದ ಬೆಲೆ, ಇನ್ನೂ ಎತ್ತರದ ಬೇಲಿ. ಕಂಪನಿಯವರಿಗೆ ಬಾಗಿಲ ಕಂಬ ಕೂಡ ಇಲ್ಲ, ಕಬ್ಬಿಣದ ಗೇಟು, ಅದರ ಮೇಲೊಂದು ಅಂಕಿ ಒತ್ತಿ ಬೀಗ ತೆಗೆಯುವ ಪರದೆ. ಪಾಲು ನೇತುಹಾಕಬೇಕೆಂದರೆ ಎಲ್ಲಿ?

ಪ್ರಬಂಧದ ಪರೀಕ್ಷೆಯಲ್ಲಿ ಒಬ್ಬರು ಪುಟ ತಿರುಗಿಸುತ್ತಾ, "ಇದರಲ್ಲಿ ಸ್ವಲ್ಪ ಕೋಪ ಕಾಣಿಸುತ್ತದೆ" ಎಂದರು. ಇಲ್ಲಿಯವರು "ಸ್ವಲ್ಪ" ಎಂದರೆ ಬಹಳ ಎಂದು ಅರ್ಥ. ನಾನು ಹೇಳಿದೆ: "ಹಂದಿ ಓಡಾಡಿದ ನಕ್ಷೆಯಲ್ಲಿ ಕೋಪ ಇಲ್ಲ, ಪರೀಕ್ಷಿಸಿ ನೋಡಿ. ನಕ್ಷೆ ಮಾಡಿದವಳಲ್ಲಿ ಇದೆ." ಅವರು ಪರೀಕ್ಷಿಸಿದರು. ನಕ್ಷೆ ಸರಿಯಿತ್ತು.

ಮಾರ್ಚಿನಲ್ಲಿ ಪದವಿ ಪ್ರದಾನ. ಅಪ್ಪನಿಗೆ ಟಿಕೆಟ್ ಕಳಿಸಿದೆ. ಪ್ಲಾಟಿನ ಮಾಲೀಕ, "ನೀನು ಹೋದ್ರೆ ಕೀ ಯಾರ ಹತ್ರ?" ಎಂದು ತಕರಾರು ತೆಗೆದನಂತೆ. ಅಪ್ಪ ಬದಲಿಗೆ ಒಬ್ಬರನ್ನು ಕೂರಿಸಿ ಬಂದ. ವಿಮಾನ ನಿಲ್ದಾಣದಲ್ಲಿ ಕೇಳಿದೆ, ಯಾರನ್ನು ಕೂರಿಸಿದೆ ಎಂದು.

"ಇನ್ಯಾರು, ನಿಮ್ಮ ದೊಡ್ಡಪ್ಪನ್ನ. ಮಾರಿದ ದುಡ್ಡೆಲ್ಲ ಕರಗೋಯ್ತು. ಪಾಪ, ನಾಕು ದಿನ ಕಾಯ್ಲಿ ಬುಡು, ಅವನೇ ಮಾರಿದ ಹೊಲ ತಾನೆ."

ಬಸ್ಸಿನಲ್ಲಿ ಅಪ್ಪ ಅಭ್ಯಾಸಬಲದಿಂದ ಸೊಂಟ ತಡವಿಕೊಳ್ಳುತ್ತಿದ್ದ, ಕೀಗೊಂಚಲು ಇರಲಿಲ್ಲ.

ಒಜೀಸಾನ್ ಬಂದಿದ್ದರು. ಮದುವೆಗೂ ಸಾವಿಗೂ ಹಾಕುವ ಅದೇ ಕಪ್ಪು ಸೂಟು. ಇಬ್ಬರು ಮುದುಕರಲ್ಲಿ ಒಬ್ಬರ ಭಾಷೆಯ ಒಂದು ಮಾತೂ ಇನ್ನೊಬ್ಬರಿಗೆ ಬರದು. ಸಭಾಂಗಣದ ಹೊರಗೆ ಅಪ್ಪ ಕೈಯಲ್ಲಿ ಡಬ್ಬ ಬಡಿಯುವ ಹಾಗೆ ಮಾಡಿ "ಹೋ" ಎಂದು ಕೂಗಿ ತೋರಿಸಿದ. ಒಜೀಸಾನ್ ಹೌದೌದೆಂದು ತಲೆಯಾಡಿಸಿ, ಎರಡು ಬೆರಳನ್ನು ಬಾಯಿಯ ಎರಡೂ ಕಡೆ ಕೋರೆಹಲ್ಲಿನ ಹಾಗೆ ಹಿಡಿದರು. ಸುತ್ತಲಿನ ಕಿಮೋನೋದ ಹುಡುಗಿಯರೆಲ್ಲ ತಿರುಗಿ ನೋಡಿದರು.

"ಈ ಅಜ್ಜನ ಗುಡ್ಡವಾ ನೀನು ಫೋನಲ್ಲಿ ಹೇಳ್ತಿದ್ದುದು?" ಅಪ್ಪ ಕೇಳಿದ.

"ಅದೇ ಅಪ್ಪ. ಈಗ ಕಂಪನಿಯೋರ ಕೈಲಿ ಇದೆ. ಗೇಟು, ಬೀಗ."

ಒಳಗೆ ನನ್ನ ಹೆಸರು ಕರೆದರು, ಹೋದೆ, ಬಗ್ಗಿದೆ, ಪದವಿಪತ್ರ ತೆಗೆದುಕೊಂಡೆ. ಹೊರಗೆ ಬಂದು, ಇಲ್ಲಿಯ ಪದ್ಧತಿಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಅಪ್ಪನಿಗೆ ಕೊಟ್ಟೆ. ಅವನು ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ತೆಗೆದುಕೊಂಡ. ಅಕ್ಷರ ಜಪಾನಿಯದು. ಕನ್ನಡದ್ದಾಗಿದ್ದರೂ ಅವನಿಗೆ ಓದಲು ಬರುತ್ತಿರಲಿಲ್ಲ. ಮೇಲಿನಿಂದ ಕೆಳಗೆ ಒಮ್ಮೆ ನೋಡಿದ, ಕೆಂಪು ಮುದ್ರೆಯ ಮೇಲೆ ಬೆರಳಿಟ್ಟ, ಒಜೀಸಾನ್ ಕಡೆ ನೋಡಿದ, ಆಮೇಲೆ ನನ್ನ ಕಡೆ.

"ಸರಿ ಕಣವ್ವ, ಇಷ್ಟು ಓದ್ದೆಯಲ್ಲ. ಇನ್ನ ಆ ಗೇಟ್ ತೆಗ್ಸು. ಅಜ್ಜ ಒಳಕ್ಕೋಗ್ಲಿ."